ಓವೆರ್ ಗ್ರಾಮದ ಇಗರ್ಜಿ

ಪ್ಯಾರಿಸ್ ನಗರದ ವಾಯವ್ಯಕ್ಕೆ ಸುಮಾರು 30 ಕಿ.ಮೀ. ದೂರದ ಓವೆರ್ ಗ್ರಾಮದಲ್ಲಿ, ವಾಜ್ ನದಿಯ ಮೇಲ್ಗಡೆಯ ದಿಬ್ಬದಲ್ಲಿ ಮೇರಿಮಾತೆಯ ಇಗರ್ಜಿಯಿದೆ. ಇದು 12-13ನೇ ಶತಮಾನಗಳ ನಿರ್ಮಾಣ. ಪ್ರಧಾನ ಕಟ್ಟಡವು ಆರಂಭಕಾಲದ ಗೋಥಿಕ್ ಶೈಲಿಯದು: ಮೊನಚು ಕಮಾನುಗಳು, ಛಾವಣಿಯ ಭಾರವನ್ನು ಕಂಬಗಳಿಗೆ ಇಳಿಸುವ ಕಲ್ಲಿನ ಪಟ್ಟಿಗಳು. ಹಿಂಬದಿಯ ಇಕ್ಕೆಲದ ಕಿರುಗುಡಿಗಳು ಮಾತ್ರ ಅದಕ್ಕಿಂತ ಹಳೆಯ ರೊಮಾನೆಸ್ಕ್ ಪದ್ಧತಿಯವು; ದುಂಡು ಕಮಾನು, ದಪ್ಪ ಗೋಡೆ.

1890ರ ಜೂನ್ ತಿಂಗಳಲ್ಲಿ ಚಿತ್ರಕಾರ ವಿನ್ಸೆಂಟ್ ವಾನ್ ಗೋ ಈ ಹಿಂಬದಿಯನ್ನೇ ಚಿತ್ರಿಸಿದನು. ಕಡುನೀಲಿ ಆಕಾಶದ ಕೆಳಗೆ ಗೋಡೆಗಳು ಓಲಾಡುತ್ತವೆ, ಮುಂದಿನ ದಾರಿ ಕವಲೊಡೆಯುತ್ತದೆ, ಬಾಗಿಲು ಕಾಣುವುದಿಲ್ಲ. ಚಿತ್ರವನ್ನಷ್ಟೇ ಬಲ್ಲವರು ಕಟ್ಟಡವೇ ವಾಲಿದೆಯೆಂದು ಭಾವಿಸಿಯಾರು. ಅದು ನೆಟ್ಟಗೆಯೇ ಇದೆ. ಮೂಲಚಿತ್ರವು ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿದೆ.

ಜುಲೈ 29ರಂದು ವಾನ್ ಗೋ ಗುಂಡೇಟಿನ ಗಾಯದಿಂದ ತೀರಿಕೊಂಡನು. ಆತ್ಮಹತ್ಯೆಯೆಂಬ ಕಾರಣಕ್ಕೆ ಅಂದಿನ ಪಾದ್ರಿ ಇಗರ್ಜಿಯಲ್ಲಿ ಅಂತ್ಯವಿಧಿಗೆ ಒಪ್ಪಲಿಲ್ಲ. ಶವದ ಗಾಡಿಯನ್ನೂ ನೆರೆಯೂರಿನಿಂದ ತರಿಸಬೇಕಾಯಿತು. ಇಗರ್ಜಿಯ ಆಚೆ, ಗೋಧಿಹೊಲಗಳ ಅಂಚಿನ ಊರ ಸ್ಮಶಾನದಲ್ಲಿ ಅವನನ್ನು ಹೂಳಲಾಯಿತು. ಇಗರ್ಜಿಯು 1915ರಲ್ಲಿ ಸಂರಕ್ಷಿತ ಸ್ಮಾರಕವಾಯಿತು. ಅದಕ್ಕೆ ಒಂದು ವರ್ಷ ಮೊದಲು, 1914ರಲ್ಲಿ, ತಮ್ಮ ಥಿಯೋನ ಅವಶೇಷಗಳನ್ನು ಹಾಲೆಂಡಿನಿಂದ ತಂದು ಅಣ್ಣನ ಮಗ್ಗುಲಲ್ಲಿ ಇರಿಸಲಾಗಿತ್ತು. ಎರಡು ಸಮಾಧಿಗಳನ್ನೂ ಒಂದೇ ಹಸಿರು ಬಳ್ಳಿ ಹೊದ್ದಿದೆ.