ಆಟ ನಡೆಸುವವನ ಪೂರ್ವಜರು

ಗೆಳೆಯರ ಗುಂಪಿಗೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ನಡೆಸುವ ಹೊಣೆ ತನ್ನ ಮೇಲೆ ಬಿದ್ದಿದೆ, ನಿಯಮಗಳ ದಪ್ಪ ಪುಸ್ತಕ ಕಂಡರೆ ಎದೆ ನಡುಗುತ್ತದೆ ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈಚೆಗೆ ಹೇಳಿದನು. ಚೌಕಾಬಾರದ ಆಚೆ ನಾನು ಹೋದವನಲ್ಲ. ಆದರೆ ಆ ನಡುಕ ಬಹಳ ಹಳೆಯದು. ಅದರ ಇತಿಹಾಸವನ್ನು ಬಲ್ಲೆ.

1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ ಎಂಬ ತರುಣನು ಯುದ್ಧದ ಆಟವೊಂದರ ನಿಯಮಗಳನ್ನು ಪ್ರಕಟಿಸಿದನು. ಎದುರಾಳಿಗಳು ತಮ್ಮ ಆಜ್ಞೆಗಳನ್ನು ಚೀಟಿಯಲ್ಲಿ ಬರೆದು ಮಧ್ಯಸ್ಥನಿಗೆ ಕೊಡಬೇಕು. ಪರಸ್ಪರರ ಕಣ್ಣಿಗೆ ಬೀಳುವ ಪಡೆಗಳನ್ನು ಮಾತ್ರ ಅವನು ನಕ್ಷೆಯ ಮೇಲೆ ಇಡುವನು. ದಾಳ ಉರುಳಿಸಿ, ಕೋಷ್ಟಕ ನೋಡಿ ಸಾವುನೋವು ಲೆಕ್ಕ ಹಾಕುವನು. ಒಂದು ಸರದಿಯೆಂದರೆ ಯುದ್ಧದ ಎರಡು ನಿಮಿಷ! ಲೆಕ್ಕಕ್ಕೆ ಹಿಡಿಯುತ್ತಿದ್ದ ಹೊತ್ತು ಅದಕ್ಕಿಂತ ಎಷ್ಟೋ ಹೆಚ್ಚು. 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಅಧಿಕಾರಿಯು, ಕೋಷ್ಟಕಗಳನ್ನು ಬದಿಗಿಡಿ, ಅನುಭವಿ ಮಧ್ಯಸ್ಥನ ವಿವೇಚನೆಯೇ ಸಾಕು ಎಂದು ವಾದಿಸಿದನು. ವಾದ ಸೊಗಸಾಗಿದೆ. ಆದರೆ ಮಧ್ಯಸ್ಥನಿಗೆ ಅನುಭವವಿಲ್ಲದಿದ್ದರೆ? ನಮ್ಮ ಹುಡುಗನ ಸಂಕಟವೂ ಅದೇ.

ಇದಕ್ಕೆ ಉತ್ತರ ದೊರೆತದ್ದು ಅಮೆರಿಕದ ಮಿನೆಸೋಟದಲ್ಲಿ. ಡೇವಿಡ್ ವೆಸ್ಲಿ ಎಂಬಾತನು ಟಾಟನ್ ಬರೆದ ‘ಸ್ಟ್ರಾಟಗೋಸ್’ ಎಂಬ 1880ರ ಪುಸ್ತಕವನ್ನು ಓದಿದ್ದನು. ಆಟಗಾರನು ಏನನ್ನು ಬೇಕಾದರೂ ಪ್ರಯತ್ನಿಸಬಹುದು, ಫಲವನ್ನು ಮಧ್ಯಸ್ಥನು ತೀರ್ಮಾನಿಸುವನು ಎಂಬ ವಿಚಾರ ಅವನಿಗೆ ಹಿಡಿಸಿತು. 1969ರಲ್ಲಿ ‘ಬ್ರೌನ್‌ಸ್ಟೈನ್’ ಎಂಬ ಕಲ್ಪಿತ ಊರನ್ನು ಆಟಕ್ಕಿಟ್ಟು, ಸೇನಾಪತಿಗಳ ಜೊತೆಗೆ ಊರಿನ ಗಣ್ಯರ ಪಾತ್ರಗಳನ್ನೂ ಹಂಚಿದನು. ಆಟಗಾರರು ಅಲ್ಲಲ್ಲಿ ಗುಂಪುಗೂಡಿ ಪಿಸುಗುಟ್ಟತೊಡಗಿದರು. ಇಬ್ಬರು ದ್ವಂದ್ವಯುದ್ಧಕ್ಕೇ ನಿಂತರು. ಅದಕ್ಕೆ ನಿಯಮವೇ ಇರಲಿಲ್ಲ! ವೆಸ್ಲಿ ನಿಂತ ನಿಲುವಿನಲ್ಲೇ ತೀರ್ಪು ಕೊಟ್ಟನು. ಆಟ ಕೆಟ್ಟಿತೆಂದು ಅವನು ಕೊರಗುತ್ತಿದ್ದರೆ, ಆಡಿದವರು ಮತ್ತೊಮ್ಮೆ ಎಂದು ದುಂಬಾಲುಬಿದ್ದರು. ಅವರಲ್ಲಿ ಡೇವ್ ಆರ್ನೆಸನ್‌ನೂ ಒಬ್ಬ. ಅವನೂ ಗ್ಯಾರಿ ಗೈಗ್ಯಾಕ್ಸ್‌ನೂ ಸೇರಿ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದರು. ಮೂರೇ ಸಣ್ಣ ಪುಸ್ತಿಕೆಗಳು. ಮೊದಲ ಮುದ್ರಣ 1000 ಪ್ರತಿ.

ಹುಡುಗನಿಗೆ ನಾನು ಹೇಳಿದ್ದು ಇಷ್ಟು: ನಿಯಮ ನೆನಪಾಗದಿದ್ದರೆ ಪುಟ ತಿರುವುತ್ತ ಕೂರಬೇಡ, ಆಗಲೇ ತೀರ್ಮಾನಿಸು, ಮನೆಗೆ ಹೋದ ಮೇಲೆ ಪುಸ್ತಕ ನೋಡು. ಇಂದು ಒಬ್ಬನಿಗೆ ಕೊಟ್ಟ ತೀರ್ಪನ್ನು ಬರೆದಿಡು, ಮುಂದಿನ ವಾರ ಇನ್ನೊಬ್ಬನಿಗೂ ಅದನ್ನೇ ಕೊಡಬೇಕಲ್ಲ. (ಮೇಷ್ಟರ ಪಕ್ಷಪಾತವನ್ನು ಹಿಂದಿನ ಬೆಂಚಿನವರು ಎಷ್ಟು ಬೇಗ ಪತ್ತೆಹಚ್ಚುತ್ತಾರೆಂಬುದು ನಿಮಗೇ ಗೊತ್ತು.) ದಾಳ ಉರುಳುವ ಮೊದಲೇ ಅಪಾಯವೇನೆಂದು ತಿಳಿಸು, ಉರುಳಿದ ಮೇಲೆ ಮಾತು ಬದಲಿಸಬೇಡ.

“ಕಥೆಯ ಕೊನೆ ನಾನು ಮೊದಲೇ ಬರೆದಿಟ್ಟಿದ್ದೇನೆ ಸಾರ್” ಎಂದನು. ಅದನ್ನು ಮಾತ್ರ ಹರಿದುಹಾಕು ಎಂದೆ.