ಸಿಡಿಲಿಗೆ ಕಂಪ್ಯೂಟರ್ ಕೆಟ್ಟರೆ ಹಾರ್ಡ್ ಡಿಸ್ಕ್‌ನಲ್ಲಿದ್ದ ಫೈಲುಗಳೂ ಹೋದಂತೆಯೇ?

ಪುತ್ತೂರು, ಸುಳ್ಯ, ಕಡಬದ ಕಡೆ ಏಪ್ರಿಲ್‌-ಮೇ ಮತ್ತು ಅಕ್ಟೋಬರ್‌-ನವೆಂಬರ್‌ನಲ್ಲಿ ಸಂಜೆಯ ಹೊತ್ತಿಗೆ ಗುಡುಗು ಶುರುವಾದರೆ ಮನೆಯವರು ಮೊದಲು ಓಡುವುದು ಪ್ಲಗ್ ತೆಗೆಯಲು. ಒಂದು ದಿನ ಮರೆತರೆ ಮರುದಿನ ಕಂಪ್ಯೂಟರ್ ಆನ್ ಆಗುವುದಿಲ್ಲ. ಆಗ ಎರಡು ಮಾತು ಕೇಳಿಬರುತ್ತವೆ: 'ಒಳಗಿದ್ದದ್ದೆಲ್ಲ ಹೋಯಿತು', 'ಹಾರ್ಡ್ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಎಲ್ಲ ಅಳಿಸಿಹೋಗುತ್ತದೆ'. ಮೊದಲನೆಯದು ಯಾವಾಗಲೂ ನಿಜವಲ್ಲ, ಎರಡನೆಯದು ಸುಳ್ಳು.

ಮಿಂಚಿನ ಹೊಡೆತ ಕರೆಂಟ್ ತಂತಿ ಅಥವಾ ಇಂಟರ್ನೆಟ್ ಕೇಬಲ್ ಮೂಲಕ ಬಂದಾಗ ಸಾಮಾನ್ಯವಾಗಿ ಮೊದಲು ಸುಡುವುದು ಪವರ್ ಸಪ್ಲೈ, ಮದರ್‌ಬೋರ್ಡ್. ಫೈಲುಗಳಿರುವುದು ಡಿಸ್ಕ್‌ನೊಳಗಿನ ತಟ್ಟೆಗಳ ಮೇಲೆ, ಕಾಂತೀಯ ಗುರುತುಗಳಾಗಿ. ಕರೆಂಟ್ ಇಲ್ಲದಿದ್ದರೂ ಅವು ಉಳಿಯುತ್ತವೆ. 1956ರಲ್ಲಿ ಐಬಿಎಂ ತಂದ, ಸುಮಾರು 5 ಎಂಬಿಯ ಮೊದಲ ಹಾರ್ಡ್ ಡಿಸ್ಕ್‌ನಲ್ಲೂ ತತ್ವ ಇದೇ. (ಆ ಕಾಲದ ಡಿಸ್ಕನ್ನು ವಿಮಾನಕ್ಕೆ ಏರಿಸುವ ಫೋಟೊ ನಿಮಗೂ ಫಾರ್ವರ್ಡ್ ಆಗಿ ಬಂದಿರಬಹುದು.)

ಹಾಗಾಗಿ ಡಿಸ್ಕನ್ನು ತೆಗೆದು, ಯುಎಸ್‌ಬಿ ಅಡಾಪ್ಟರ್ ಮೂಲಕ ಇನ್ನೊಂದು ಕಂಪ್ಯೂಟರಿಗೆ ಪೆನ್ ಡ್ರೈವ್‌ನಂತೆ ಜೋಡಿಸಬಹುದು. ಡೆಸ್ಕ್‌ಟಾಪ್‌ನ ದೊಡ್ಡ 3.5 ಇಂಚಿನ ಡಿಸ್ಕ್‌ಗೆ ಯುಎಸ್‌ಬಿಯ ಕರೆಂಟ್ ಸಾಲದು, ಬೇರೆ ಪವರ್ ಕೊಡುವ ಅಡಾಪ್ಟರ್ ಬೇಕು. ಫೋಟೊ, ವೀಡಿಯೊ, ಲೆಕ್ಕಪತ್ರದ ಫೈಲುಗಳನ್ನು ಕಾಪಿ ಮಾಡಿಕೊಳ್ಳಬಹುದು. ಆದರೆ ಟ್ಯಾಲಿಯಂತಹ ಸಾಫ್ಟ್‌ವೇರ್ ಹಾಗೆ ಕಾಪಿಯಾಗಿ ಬರುವುದಿಲ್ಲ, ಹೊಸದಾಗಿ ಇನ್‌ಸ್ಟಾಲ್ ಮಾಡಬೇಕು.

ಜನ ಹೆದರುವುದು ಇದರ ನಂತರ. 'ಈ ಫೋಲ್ಡರ್ ತೆರೆಯಲು ಅನುಮತಿ ಇಲ್ಲ' ಎಂದು ಬಂದರೆ ಗಾಬರಿ ಬೇಡ, ಅದು ಹಳೆಯ ಕಂಪ್ಯೂಟರಿನ ಬಳಕೆದಾರರ ಹೆಸರಿನಲ್ಲಿದೆ ಅಷ್ಟೆ. ಕಂಟಿನ್ಯೂ ಒತ್ತಿದರೆ ಸಾಮಾನ್ಯವಾಗಿ ತೆರೆಯುತ್ತದೆ. 'ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು' ಎಂದು ಕೇಳಿದರೆ ಮಾತ್ರ ಒಪ್ಪಬೇಡಿ. ಡಿಸ್ಕ್ ಹೊಸ ಕಂಪ್ಯೂಟರಿಗೆ ಓದಲು ಬರುತ್ತಿಲ್ಲ ಎಂಬುದಷ್ಟೇ ಅದರ ಅರ್ಥ, ಒಳಗೆ ಏನೂ ಇಲ್ಲ ಎಂದಲ್ಲ.

ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ನಿಮಗೆ ತಿಳಿಯದೆಯೇ ಬಿದ್ದಿರಬಹುದು. ಡಿಸ್ಕನ್ನು ಬೇರೆ ಕಡೆ ಜೋಡಿಸಿದರೆ 48 ಅಂಕಿಗಳ ಕೀಲಿ ಕೇಳುತ್ತದೆ. ಸಾಮಾನ್ಯವಾಗಿ ಅದು ಲ್ಯಾಪ್‌ಟಾಪ್ ಸೆಟಪ್ ಮಾಡುವಾಗ ಬಳಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಅಂಗಡಿಯವರೇ ತಮ್ಮ ಇಮೇಲ್ ಹಾಕಿ ಸೆಟಪ್ ಮಾಡಿಕೊಟ್ಟಿದ್ದರೆ ಅವರನ್ನೇ ಹುಡುಕಬೇಕು. ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಆ ಕೀಲಿ ಬರೆದಿಟ್ಟುಕೊಳ್ಳಿ, ಕೀಲಿ ಇಲ್ಲದೆ ರಿಪೇರಿಯವರಿಗೂ ತೆಗೆಯಲಾಗದು.

ಇನ್ನೊಂದು ಗಾಬರಿ ನಮ್ಮ ಭಾಷೆಯದ್ದೇ. ಹಳೆಯ ಕನ್ನಡ ಫೈಲು ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ! 'ವೈರಸ್ ಬಂತು' ಎಂದು ಡಿಲೀಟ್ ಮಾಡಬೇಡಿ. ಅದು ಯೂನಿಕೋಡ್‌ಗೆ ಮೊದಲಿನ ನುಡಿ ಅಥವಾ ಬರಹ ಅಕ್ಷರದಲ್ಲಿ ಟೈಪ್ ಮಾಡಿದ ಫೈಲಿರಬಹುದು. ಆ ಫಾಂಟ್ ಹಾಕಿದರೆ ಸಂಘದ ನಡಾವಳಿ, ಮದುವೆ ಕಾಗದ ಎಲ್ಲ ಮೊದಲಿನಂತೆ ಕಾಣುತ್ತವೆ.

ಡಿಸ್ಕ್ 'ಟಕ್ ಟಕ್' ಎಂದು ಸದ್ದು ಮಾಡುತ್ತಿದ್ದರೆ ಕೂಡಲೇ ನಿಲ್ಲಿಸಿ. ಫ್ರೀಜರ್‌ನಲ್ಲಿಟ್ಟರೆ ಸರಿಯಾಗುತ್ತದೆ ಎಂಬ ಸಲಹೆ ನಮ್ಮ ಮಳೆಗಾಲದ ತೇವಕ್ಕಂತೂ ಅಪಾಯ: ಹೊರಗೆ ತೆಗೆದೊಡನೆ ತಟ್ಟೆಯ ಮೇಲೆ ನೀರಿನ ಪಸೆ ಕೂರಬಹುದು. ತಟ್ಟೆಗೂ ಅದನ್ನು ಓದುವ ಹೆಡ್‌ಗೂ ನಡುವಿನ ಅಂತರ ಕೆಲವೇ ನ್ಯಾನೋಮೀಟರ್. ಅಂಥ ಡಿಸ್ಕನ್ನು ಮನೆಯಲ್ಲಿ ಬಿಚ್ಚದೆ ಡೇಟಾ ರಿಕವರಿ ಮಾಡುವವರಿಗೆ ಕೊಡಿ, ಕೊಡುವ ಮೊದಲು ಖರ್ಚು ಎಷ್ಟೆಂದು ಕೇಳಿಕೊಳ್ಳಿ.