ಕದಿರಿನಿಂದ ಕಾಲೆಟ್‌ವರೆಗೆ: ಹಿಡಿತದ ಚರಿತ್ರೆ

ತಲೆಬಾಗಿಲಿನ ಮೇಲೆ ಬಳ್ಳಿ, ನವಿಲು, ಗಣಪತಿಯನ್ನು ಕೆತ್ತುವ ಸಿ.ಎನ್.ಸಿ. ರೌಟರ್ ಈಗ ಸಣ್ಣ ಊರುಗಳ ಮರಗೆಲಸದವರಿಗೂ ಪರಿಚಿತ. ಹವ್ಯಾಸಕ್ಕೆಂದು ಮನೆಯಲ್ಲೇ ಪುಟ್ಟ ಯಂತ್ರವನ್ನು ಜೋಡಿಸಿಕೊಳ್ಳುವ ತರುಣರೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ವ್ಯಾಟ್ ಮೋಟಾರ್ ಹಾಕಬೇಕು?’ ಎಂಬುದು. ಆದರೆ ಈ ಯಂತ್ರದ ಚರಿತ್ರೆಯನ್ನು ನೋಡಿದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ತಿರುಗುವ ವಸ್ತುವನ್ನು ಹಿಡಿಯುವುದು ಹೇಗೆ?

ತಿರುಗುವ ಅಕ್ಷಕ್ಕೆ ಇಂದು ನಾವು ‘ಸ್ಪಿಂಡಲ್’ ಎನ್ನುತ್ತೇವೆ. ಕನ್ನಡದಲ್ಲಿ ಇದಕ್ಕೆ ಹಳೆಯ ಹೆಸರೊಂದಿದೆ: ಕದಿರು. ಚರಕದಲ್ಲಿ ನೂಲನ್ನು ಹೊಸೆಯುವ ಕಡ್ಡಿ ಅದೇ. ಕದಿರು ಸ್ವಲ್ಪ ಬಾಗಿದ್ದರೂ ನಡುಗುತ್ತದೆ, ನೂಲು ತುಂಡಾಗುತ್ತದೆ. ಇಂದಿನ ಸ್ಪಿಂಡಲ್‌ಗೂ ಇದೇ ನಿಯಮ.

ಕಡೆದ ಕಂಬಗಳು

ಚಿಗಟೇರಿ ಇರುವುದು ಹರಪನಹಳ್ಳಿ ತಾಲ್ಲೂಕಿನಲ್ಲಿ. ಇದೇ ತಾಲ್ಲೂಕಿನ ಬಾಗಳಿಯಲ್ಲಿ ಕಲ್ಲೇಶ್ವರ ದೇವಾಲಯವಿದೆ. ನೆರೆಯ ಹಡಗಲಿ ತಾಲ್ಲೂಕಿನ ಕುರುವತ್ತಿಯಲ್ಲಿ ಮಲ್ಲಿಕಾರ್ಜುನ ದೇವಾಲಯವಿದೆ. ಎರಡೂ ಕಲ್ಯಾಣ ಚಾಲುಕ್ಯರ ಕಾಲದ ಕಲೆಗೆ ಹೆಸರಾದವು. ಈ ಶೈಲಿಯ ಗುಡಿಗಳಲ್ಲಿ ಕಾಣುವ ನುಣುಪಾದ ದುಂಡು ಕಂಬಗಳನ್ನು, ಅವುಗಳ ಮೈಮೇಲಿನ ಬಳೆಯಂಥ ಸುತ್ತುಗೆರೆಗಳನ್ನು ನೀವು ಗಮನಿಸಿರಬಹುದು. ಬಳಪದ ಕಲ್ಲು ಮೃದು. ಕಲ್ಲನ್ನು ತಿರುಗಿಸುತ್ತ, ಉಳಿಯನ್ನು ಅದಕ್ಕೆ ಒತ್ತಿ ಹಿಡಿದು, ಇಂಥ ಕಂಬಗಳನ್ನು ಕಡೆದಿದ್ದಾರೆಂದು ಕಲಾ ಇತಿಹಾಸಕಾರರು ಹೇಳುತ್ತಾರೆ. ಅಷ್ಟು ಭಾರದ ಕಲ್ಲು ವೇಗವಾಗಿ ತಿರುಗಿರಲಾರದು. ಆದರೂ ಸುತ್ತುಗೆರೆಗಳು ಶುದ್ಧ ವೃತ್ತಗಳಾಗಬೇಕಾದರೆ ಅಕ್ಷ ಅಲುಗಾಡಬಾರದು. ವೇಗವಿಲ್ಲದಿದ್ದರೂ ನಿಖರತೆ ಸಾಧ್ಯ, ಹಿಡಿತವಿಲ್ಲದಿದ್ದರೆ ಸಾಧ್ಯವಿಲ್ಲ.

ಹರಿಹರದ ಲೇತ್

ಈ ಸೀಮೆಗೆ ಹತ್ತಿರದಲ್ಲೇ ಚರಿತ್ರೆಯ ಇನ್ನೊಂದು ಘಟ್ಟವಿದೆ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಆರಂಭವಾಯಿತು. ಆಗ ಹರಿಹರ ಮೈಸೂರು ಸಂಸ್ಥಾನದಲ್ಲಿತ್ತು. ಚಿಗಟೇರಿ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಬಳ್ಳಾರಿ ಜಿಲ್ಲೆಯ ಹೆಚ್ಚಿನ ಭಾಗ ಮೈಸೂರು ರಾಜ್ಯವನ್ನು ಸೇರಿದ್ದು 1953ರ ಅಕ್ಟೋಬರ್ 1ರಂದು. ಅದೇ ವರ್ಷ ಬೆಂಗಳೂರಿನಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಿಂದ ಎಚ್.ಎಂ.ಟಿ. ಹುಟ್ಟಿತು. ಹರಿಹರದ ಲೇತ್‌ಗಳು ದೇಶದ ಅನೇಕ ವರ್ಕ್‌ಶಾಪುಗಳಲ್ಲಿ ದುಡಿದವು. ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಮುಚ್ಚಿಹೋಯಿತು.

ಲೇತ್‌ನಲ್ಲಿ ತಿರುಗುವುದು ಕೆಲಸದ ತುಂಡು. ಉಳಿ ಸುಮ್ಮನೆ ಸರಿಯುತ್ತದೆ. ತುಂಡನ್ನು ಸಾಮಾನ್ಯವಾಗಿ ಮೂರು ದವಡೆಯ ಚಕ್ ಹಿಡಿಯುತ್ತದೆ. ಮಿಲ್ಲಿಂಗ್ ಯಂತ್ರದಲ್ಲಿ ಇದು ತಿರುಗುಮುರುಗಾಯಿತು: ತುಂಡು ಮೇಜಿನ ಮೇಲೆ ಕೂತಿತು, ಉಳಿ ತಿರುಗತೊಡಗಿತು. 1952ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ, ಜಾನ್ ಪಾರ್ಸನ್ಸ್ ಅವರ ಕಲ್ಪನೆಯಿಂದ ಹೊರಟ ಪ್ರಯತ್ನದ ಫಲವಾಗಿ, ಅಂಕಿಗಳ ಆಜ್ಞೆಯಂತೆ ಚಲಿಸುವ ಮಿಲ್ಲಿಂಗ್ ಯಂತ್ರದ ಪ್ರದರ್ಶನ ನಡೆಯಿತು. ಇಂದಿನ ಹವ್ಯಾಸಿ ರೌಟರ್ ಆ ವಂಶದ ಕಿರಿಯ ಕುಡಿ.

ಗಡಿಯಾರದಿಂದ ಬಂದ ಕೊರಳಪಟ್ಟಿ

ಗಡಿಯಾರದ ಅಕ್ಷ ಸೂಜಿಯಷ್ಟು ತೆಳು. ಅದನ್ನು ದವಡೆಯ ಚಕ್‌ನಲ್ಲಿ ಹಿಡಿದು ನಿಖರವಾಗಿ ಕಡೆಯುವುದು ಕಷ್ಟ. ಹತ್ತೊಂಬತ್ತನೆಯ ಶತಮಾನದ ಗಡಿಯಾರ ತಯಾರಕರು ಇದಕ್ಕೆ ಕಂಡುಕೊಂಡ ಸುಲಭ ಉಪಾಯವೇ ಕಾಲೆಟ್. ಫ್ರೆಂಚ್ ಭಾಷೆಯಲ್ಲಿ ಆ ಪದಕ್ಕೆ ‘ಪುಟ್ಟ ಕೊರಳು’ ಎಂಬ ಅರ್ಥವಿದೆ. ಅದೊಂದು ಉಕ್ಕಿನ ಕೊಳವೆ. ಒಳಗೆ ನೇರ ರಂಧ್ರ, ಹೊರಗೆ ಶಂಕುವಿನ ಆಕಾರ, ಉದ್ದಕ್ಕೂ ಸೀಳುಗಳು. ಅದನ್ನು ಶಂಕುವಿನಾಕಾರದ ಕುಳಿಯೊಳಗೆ ಒತ್ತಿದರೆ ಸೀಳುಗಳು ಮುಚ್ಚಿಕೊಂಡು ಸುತ್ತಲಿಂದಲೂ ಸಮನಾಗಿ ಹಿಡಿಯುತ್ತವೆ.

ರೌಟರ್‌ಗಳಲ್ಲಿ ಹೆಚ್ಚು ಬಳಕೆಯಾಗುವ ‘ಇ.ಆರ್.’ ಕಾಲೆಟ್ ಅನ್ನು ಸ್ವಿಟ್ಜರ್ಲೆಂಡಿನ ರೇಗೋ-ಫಿಕ್ಸ್ ಕಂಪನಿ 1970ರ ದಶಕದ ಆರಂಭದಲ್ಲಿ ರೂಪಿಸಿತು. ಮುಂದೆ ಅದು ಜರ್ಮನಿಯ ಡಿ.ಐ.ಎನ್. 6499 ಮಾನಕವಾಯಿತು. ಹೀಗಾಗಿ ಒಬ್ಬರು ತಯಾರಿಸಿದ ಕಾಲೆಟ್ ಇನ್ನೊಬ್ಬರ ಸ್ಪಿಂಡಲ್‌ಗೆ ಹೊಂದುತ್ತದೆ. ಅದರ ಶಂಕುವಿನ ಓರೆ ಅಕ್ಷಕ್ಕೆ 8 ಡಿಗ್ರಿ. ಇದು ಬೆಣೆಯ ತತ್ತ್ವ. ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ನಟ್ ಒತ್ತುವ ಬಲದ ಸುಮಾರು ಏಳು ಪಟ್ಟು ಬಲ ಉಳಿಯ ಕಾಂಡವನ್ನು ಅದುಮುತ್ತದೆ. ಘರ್ಷಣೆಯಿಂದ ಇದು ಕಡಿಮೆಯಾಗುತ್ತದೆ. ಅದಕ್ಕೇ ಶಂಕುವಿನ ಮೇಲೆ ಮರದ ಪುಡಿ ಕೂರದಂತೆ ಒರೆಸಬೇಕು.

ಮೂರು ಸಾವಿರದ ಗೋಡೆ

ಲೋಹ ಕಡೆಯುವ ಹಳೆಯ ಲೇತ್‌ಗಳು ನಿಮಿಷಕ್ಕೆ ಕೆಲವು ನೂರು ಸುತ್ತು ತಿರುಗುತ್ತಿದ್ದವು. ರೌಟರ್‌ಗೆ 18,000, 24,000 ಸುತ್ತು ಏಕೆ? ಉಳಿ ಸಣ್ಣದಾದಷ್ಟೂ ಅದರ ಅಂಚಿನ ವೇಗ ಕಡಿಮೆ. 6 ಮಿ.ಮೀ. ವ್ಯಾಸದ ಬಿಟ್ 18,000 ಸುತ್ತು ತಿರುಗಿದರೆ ಅಂಚಿನ ವೇಗ ಸೆಕೆಂಡಿಗೆ ಸುಮಾರು 5.7 ಮೀಟರ್. ಅದೇ ಬಿಟ್ 1,000 ಸುತ್ತು ತಿರುಗಿದರೆ ಮರವನ್ನು ಕೊಯ್ಯುವ ಬದಲು ಹರಿಯುತ್ತದೆ.

ನಮ್ಮ ವಿದ್ಯುತ್ತಿನ ಆವೃತ್ತಿ 50 ಹರ್ಟ್ಸ್. ಇದಕ್ಕೆ ನೇರವಾಗಿ ಜೋಡಿಸಿದ ಇಂಡಕ್ಷನ್ ಮೋಟಾರ್, ಎರಡೇ ಧ್ರುವಗಳಿದ್ದರೂ, ನಿಮಿಷಕ್ಕೆ 3,000 ಸುತ್ತನ್ನು ಮೀರಲಾರದು. ಈ ಗೋಡೆಯನ್ನು ಎರಡು ಬಗೆಯಲ್ಲಿ ದಾಟಲಾಯಿತು. ಮೊದಲನೆಯದು ಕಾರ್ಬನ್ ಬ್ರಷ್ ಇರುವ ಮೋಟಾರ್. ನಿಮ್ಮ ಅಡುಗೆಮನೆಯ ಮಿಕ್ಸಿಯಲ್ಲಿರುವುದೂ ಬಡಗಿಯ ಕೈ ರೌಟರ್‌ನಲ್ಲಿರುವುದೂ ಅದೇ ಜಾತಿ. ಅಗ್ಗ, ಹಗುರ; ಆದರೆ ಸದ್ದು ಹೆಚ್ಚು, ಬ್ರಷ್ ಸವೆಯುತ್ತದೆ. ಎರಡನೆಯದು ವಿ.ಎಫ್.ಡಿ., ಅಂದರೆ ಆವೃತ್ತಿಯನ್ನೇ ಬದಲಿಸುವ ಸಾಧನ. ಅದು 400 ಹರ್ಟ್ಸ್ ಕೊಟ್ಟರೆ ಎರಡು ಧ್ರುವದ ಮೋಟಾರ್ 24,000 ಸುತ್ತಿನ ಹತ್ತಿರ ತಿರುಗುತ್ತದೆ. ಆದರೆ ಇಂಥ ಸ್ಪಿಂಡಲ್‌ನ ವೇಗ ಇಳಿಸಿದರೆ ಶಕ್ತಿಯೂ ಇಳಿಯುತ್ತದೆ. 2.2 ಕಿಲೋವ್ಯಾಟ್ ಎಂದು ಬರೆದಿದ್ದರೂ 6,000 ಸುತ್ತಿನಲ್ಲಿ ದೊರೆಯುವುದು ಅದರ ಕಾಲು ಭಾಗವಷ್ಟೆ. ಉಕ್ಕು ಕೊರೆಯಲು ಇದು ತಕ್ಕುದಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು?

ಮೊದಲು, ನಿಮಗೆ ಬೇಕಾದ ಅತಿ ದಪ್ಪ ಬಿಟ್‌ನ ಕಾಂಡ ಎಷ್ಟೆಂದು ನಿರ್ಧರಿಸಿ. ಇ.ಆರ್.11 ಕಾಲೆಟ್ 7 ಮಿ.ಮೀ.ವರೆಗೆ ಹಿಡಿಯುತ್ತದೆ, ಇ.ಆರ್.16 10 ಮಿ.ಮೀ.ವರೆಗೆ, ಇ.ಆರ್.20 13 ಮಿ.ಮೀ.ವರೆಗೆ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ 800 ವ್ಯಾಟ್ ಸ್ಪಿಂಡಲ್‌ಗೆ ಇ.ಆರ್.11, 1.5 ಕಿಲೋವ್ಯಾಟ್‌ಗೆ ಇ.ಆರ್.16, 2.2 ಕಿಲೋವ್ಯಾಟ್‌ಗೆ ಇ.ಆರ್.20 ಬರುತ್ತದೆ. ಕಾಲೆಟ್ ಆರಿಸಿದರೆ ವ್ಯಾಟ್ ತಾನಾಗಿ ನಿರ್ಧಾರವಾಗುತ್ತದೆ.

ಕಾಂಡದ ದಪ್ಪಕ್ಕೆ ಏಕಿಷ್ಟು ಮಹತ್ವ? ಒಂದು ತುದಿಯಲ್ಲಿ ಹಿಡಿದ ಸರಳು ಬಾಗುವ ಪ್ರಮಾಣ ಅದರ ಉದ್ದದ ಘನಕ್ಕೆ ಅನುಪಾತದಲ್ಲಿ ಏರುತ್ತದೆ, ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿ ಇಳಿಯುತ್ತದೆ. ಅದೇ ಉದ್ದ, ಅದೇ ಬಲವಿದ್ದಾಗ 3 ಮಿ.ಮೀ. ಸರಳಿಗಿಂತ 6 ಮಿ.ಮೀ. ಸರಳು ಹದಿನಾರರಲ್ಲಿ ಒಂದು ಪಾಲು ಮಾತ್ರ ಬಾಗುತ್ತದೆ. ಹೊರಚಾಚಿದ ಉದ್ದವನ್ನು ಅರ್ಧ ಮಾಡಿದರೆ ಬಾಗುವುದು ಎಂಟರಲ್ಲಿ ಒಂದು ಪಾಲಾಗುತ್ತದೆ. ದೊಡ್ಡ ಮೋಟಾರ್ ಕೊಳ್ಳುವ ಮೊದಲು ಬಿಟ್ ಅನ್ನು ಗಿಡ್ಡವಾಗಿ ಹಿಡಿಯಿರಿ, ಇದಕ್ಕೆ ಖರ್ಚಿಲ್ಲ.

ಎರಡನೆಯದು ಅಂಗುಲ ಮತ್ತು ಮಿಲಿಮೀಟರಿನ ಗೊಂದಲ. ನಮ್ಮ ಅಂಗಡಿಗಳಲ್ಲಿ 6 ಮಿ.ಮೀ. ಕಾಂಡದ ಬಿಟ್ ಕೂಡ ಸಿಗುತ್ತದೆ, ಕಾಲು ಅಂಗುಲದ್ದೂ ಸಿಗುತ್ತದೆ. ಕಾಲು ಅಂಗುಲ ಎಂದರೆ 6.35 ಮಿ.ಮೀ. ಕೈ ರೌಟರ್‌ನ ಕಾಲೆಟ್ ಸಾಮಾನ್ಯವಾಗಿ ಒಂದೇ ಅಳತೆಗೆ ಮಾಡಿದ್ದು. ಕಾಲು ಅಂಗುಲದ ಕಾಲೆಟ್‌ಗೆ 6 ಮಿ.ಮೀ. ಬಿಟ್ ತೂರಿಸಿ ಕಾಗದವನ್ನೋ ತಗಡನ್ನೋ ಸುತ್ತಿ ಬಿಗಿಯುವುದು ಅಪಾಯ. 25 ಮಿ.ಮೀ. ವ್ಯಾಸದ ಕಟರ್ 18,000 ಸುತ್ತಿನಲ್ಲಿದ್ದಾಗ ಅದರ ಅಂಚು ಗಂಟೆಗೆ ಸುಮಾರು 85 ಕಿ.ಮೀ. ವೇಗದಲ್ಲಿರುತ್ತದೆ. ಹಿಡಿತ ತಪ್ಪಿದರೆ ಅದು ಹಾರಿ ಗಾಯ ಮಾಡಬಹುದು. ಇ.ಆರ್. ಕಾಲೆಟ್ ತನ್ನ ಗಾತ್ರಕ್ಕಿಂತ ಸ್ವಲ್ಪ ಕುಗ್ಗಬಲ್ಲದು, ಹಿಗ್ಗಲಾರದು. ಆದ್ದರಿಂದ 6.35ಕ್ಕೆ ಅದೇ ಅಳತೆಯ ಕಾಲೆಟ್ ಕೊಳ್ಳಿ, ಇ.ಆರ್.16 ಆದರೆ 7ರಿಂದ 6 ಮಿ.ಮೀ.ವರೆಗಿನದೂ ನಡೆಯುತ್ತದೆ.

ಮೂರನೆಯದು ಚೌಕಟ್ಟಿನ ತಾಳಿಕೆ. 2.2 ಕಿಲೋವ್ಯಾಟ್‌ನ ನೀರು ತಂಪಿನ ಸ್ಪಿಂಡಲ್ ಹಲವು ಕಿಲೋ ತೂಗುತ್ತದೆ. ತೆಳು ಅಲ್ಯುಮಿನಿಯಂ ಚೌಕಟ್ಟು ಅದನ್ನು ಹೊತ್ತು ನಡುಗಿದರೆ ಎಂಥ ಕಾಲೆಟ್ ಇದ್ದೂ ಫಲವಿಲ್ಲ. ಚಿಕ್ಕ ಯಂತ್ರಕ್ಕೆ ಹಗುರವಾದ ಕೈ ರೌಟರ್ ಸಾಕು. ಸದ್ದು ಕಡಿಮೆ ಬೇಕು, ದಿನವಿಡೀ ಕೆಲಸವಿದೆ ಎನ್ನುವವರು ವಿ.ಎಫ್.ಡಿ. ಸ್ಪಿಂಡಲ್ ಕೊಳ್ಳಲಿ, ಆದರೆ ಭೂಸಂಪರ್ಕ ಸರಿಯಾಗಿರಲಿ.

ಕೊನೆಯದಾಗಿ, ಇ.ಆರ್. ಕಾಲೆಟ್ ಅನ್ನು ಮೊದಲು ನಟ್‌ನೊಳಗೆ ‘ಟಕ್’ ಎಂದು ಕೂರಿಸಿ, ಆಮೇಲೆ ಸ್ಪಿಂಡಲ್‌ಗೆ ಹಾಕಿ, ಬಿಟ್ ಸೇರಿಸಿ ಬಿಗಿಯಿರಿ. ಬರೀ ಸ್ಪಿಂಡಲ್‌ಗೆ ತುರುಕಿ ಮೇಲೆ ನಟ್ ತಿರುಗಿಸಿದರೆ ಬಿಟ್ ಓರೆಯಾಗಿ ಕೂರುತ್ತದೆ. ಆಗ ಎರಡು ಅಲಗಿನ ಬಿಟ್‌ನಲ್ಲಿ ಒಂದೇ ಅಲಗು ಕೆಲಸವನ್ನೆಲ್ಲ ಮಾಡಿ ಬೇಗ ಮೊಂಡಾಗುತ್ತದೆ. ಮೋಟಾರನ್ನು ನಾಳೆ ದೊಡ್ಡದು ಮಾಡಿಕೊಳ್ಳಬಹುದು. ಹಿಡಿತ ಮಾತ್ರ ಮೊದಲ ದಿನದಿಂದಲೇ ಸರಿಯಾಗಿರಬೇಕು.